ಆಸಿಡ್‌ಗೆ ಪಿಹೆಚ್ 8 ಬಂದಾಗ

ಮೊದಲ ವರ್ಷದ ಕೆಮಿಸ್ಟ್ರಿ ಇಂಟರ್ನಲ್ಸ್ ನೆನಪಿದೆಯಾ? 10⁻⁸ ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದ ಪಿಹೆಚ್ ಎಷ್ಟು ಅಂತ ಎರಡು ಮಾರ್ಕಿನ ಪ್ರಶ್ನೆ ಬಂದಿತ್ತು. ನಾವು ಕ್ಯಾಲ್ಕುಲೇಟರ್ ಒತ್ತಿ, ಮೈನಸ್ ಲಾಗ್ ಹಾಕಿ, 8 ಅಂತ ಬರೆದು ಕೆಳಗೆ ಎರಡು ಗೆರೆ ಎಳೆದೆವು. ಹೊರಗೆ ಬಂದು ತಾಳೆ ನೋಡಿದರೆ ಎಲ್ಲರದ್ದೂ 8. ಸದ್ಯ ಬಚಾವ್ ಅಂತ ಕ್ಯಾಂಟೀನಿಗೆ ಹೋದೆವು. ಆಸಿಡ್‌ನ ಪಿಹೆಚ್ 7 ದಾಟೋದು ಹೇಗೆ ಅಂತ ಒಬ್ಬರೂ ಕೇಳಲಿಲ್ಲ!

ತಪ್ಪಿದ್ದು ಎಲ್ಲಿ? ನಾವು ನೀರನ್ನೇ ಮರೆತಿದ್ದೆವು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶುದ್ಧ ನೀರಿನಲ್ಲೇ 10⁻⁷ ಮೋಲಾರ್‌ನಷ್ಟು ಹೈಡ್ರೋಜನ್ ಅಯಾನುಗಳಿರುತ್ತವೆ. ನಾವು ಹಾಕಿದ ಆಮ್ಲ ಅದರ ಹತ್ತನೇ ಒಂದು ಭಾಗ. ಸುಮ್ಮನೆ ಎರಡನ್ನೂ ಕೂಡಿದರೂ ಸಾಲದು, ಆಮ್ಲ ಸೇರಿದಾಗ ನೀರಿನ ಅಯಾನೀಕರಣ ಸ್ವಲ್ಪ ತಗ್ಗುತ್ತದೆ. ವರ್ಗ ಸಮೀಕರಣ ಬಿಡಿಸಿದರೆ ಸಿಗುವುದು 1.05×10⁻⁷, ಅಂದರೆ ಪಿಹೆಚ್ 6.98. ಕೂದಲೆಳೆಯಷ್ಟೇ ಆದರೂ ಆಮ್ಲದ ಕಡೆಗೇ ಇದೆ.

ದುರ್ಬಲ ಆಮ್ಲದ್ದೂ ಇದೇ ಕಥೆ. 0.1 ಮೋಲಾರ್ ಅಸಿಟಿಕ್ ಆಮ್ಲದಲ್ಲಿ ಸಾವಿರ ಅಣುಗಳಿಗೆ ಸುಮಾರು ಹದಿಮೂರು ಮಾತ್ರ ಒಡೆಯುತ್ತವೆ. ಅದಕ್ಕೇ ಪಿಹೆಚ್ 1 ಅಲ್ಲ, 2.87. ಇಲ್ಲಿ ಆಮ್ಲದ ಸ್ಥಿರಾಂಕ 1.8×10⁻⁵ ಅನ್ನು ಸಾರತೆಯಿಂದ ಗುಣಿಸಿ ವರ್ಗಮೂಲ ತೆಗೆಯೋ ಶಾರ್ಟ್‌ಕಟ್ ಚೆನ್ನಾಗೇ ನಡೆಯುತ್ತೆ. ಅದೇ ಶಾರ್ಟ್‌ಕಟ್ಟನ್ನು 10⁻⁵ ಮೋಲಾರ್ ದ್ರಾವಣಕ್ಕೆ ಹಾಕಿ ನೋಡಿ: ಹೈಡ್ರೋಜನ್ ಅಯಾನು 1.34×10⁻⁵ ಬರುತ್ತೆ. ಜೇಬಲ್ಲಿ ಹತ್ತು ರೂಪಾಯಿ ಇಟ್ಕೊಂಡು ಹದಿಮೂರು ರೂಪಾಯಿ ಖರ್ಚು ಮಾಡಿದ ಹಾಗೆ! ಪೂರ್ತಿ ಸಮೀಕರಣ ಬಿಡಿಸಿದರೆ ಪಿಹೆಚ್ ಸುಮಾರು 5.15.

ಪರೀಕ್ಷೆಯಲ್ಲಿ ಟೈಮ್ ಎಲ್ಲಿದೆ ಅಂತೀರಿ. ಒಪ್ಪುತ್ತೇವೆ. ಆದರೆ "ಆಮ್ಲ ಅಂದ ಮೇಲೆ 7ಕ್ಕಿಂತ ಕಡಿಮೆ ಇರಬೇಕಲ್ಲ?" ಅಂತ ಯೋಚಿಸೋಕೆ ಎರಡು ಸೆಕೆಂಡ್ ಸಾಕು. ನಮಗೆ ಇಲ್ಲದ್ದು ಟೈಮ್ ಅಲ್ಲ, ಉತ್ತರವನ್ನು ಅನುಮಾನಿಸುವ ಅಭ್ಯಾಸ.

ಇದು ಬರೀ ಮಾರ್ಕಿನ ಮಾತೂ ಅಲ್ಲ. ನಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಮಣ್ಣು ಪರೀಕ್ಷೆಯ ಚೀಟಿ ಇದೆ. ಅದರಲ್ಲಿರುವ 'ರಸಸಾರ' ಅಂದರೆ ಇದೇ ಪಿಹೆಚ್. ರಸಸಾರ 6 ಇದ್ದದ್ದು 5 ಆದರೆ ಒಂದಂಕಿ ಇಳಿದ ಹಾಗೆ ಕಾಣುತ್ತೆ, ನಿಜವಾಗಿ ಆಮ್ಲೀಯತೆ ಹತ್ತು ಪಟ್ಟು ಏರಿರುತ್ತೆ. "ತೋಟಕ್ಕೆ ಸುಣ್ಣ ಹಾಕಬೇಕಾ ಮಗಾ?" ಅಂತ ಅಪ್ಪ ಕೇಳಿದಾಗ ಕ್ಯಾಲ್ಕುಲೇಟರ್ ಉತ್ತರ ಹೇಳಲ್ಲ. ಆ ಅಂಕಿಯ ಅರ್ಥ ಗೊತ್ತಿರೋರು ಹೇಳಬೇಕು. ಇಂಜಿನಿಯರಿಂಗ್ ಓದೋ ಮಕ್ಕಳು ನಾವೇ ತಾನೆ?

ನಮ್ಮದೊಂದು ಸಣ್ಣ ಸಲಹೆ. ಮುಂದಿನ ಲ್ಯಾಬ್‌ನಲ್ಲಿ ಎಲೆಕ್ಟ್ರೋಡ್ ಅದ್ದುವ ಮೊದಲು, ಎಷ್ಟು ಬರಬಹುದು ಅಂತ ರೆಕಾರ್ಡಿನ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆಯೋಣ. ಮೀಟರ್ ಬೇರೆ ಹೇಳಿದರೆ ಅಳಿಸೋದು ಬೇಡ. ಯಾಕೆ ಬೇರೆ ಬಂತು ಅಂತ ಪಕ್ಕದ ಬೆಂಚಿನವರ ಜೊತೆ ಕನ್ನಡದಲ್ಲೇ ಜಗಳ ಆಡೋಣ. ನಾವು ಕೆಮಿಸ್ಟ್ರಿ ಕಲಿಯೋದು ಅಲ್ಲಿಂದಲೇ.