ವೆಬ್‌ಸೈಟ್ ಕೆಟ್ಟರೆ ಹೊಸದನ್ನೇ ಕಟ್ಟಬೇಕೆ?

ಕಳೆದ ಕೊಯ್ಲಿನ ಕಾಲದಲ್ಲಿ ನಮ್ಮ ಸಂಘದ ವೆಬ್‌ಸೈಟ್ ನಾಲ್ಕು ದಿನ ನಿಂತುಹೋಗಿದ್ದುದು ಸದಸ್ಯರೆಲ್ಲರಿಗೂ ತಿಳಿದ ವಿಷಯ. ರಾಶಿ, ಬೆಟ್ಟೆ, ಚಾಲಿಗಳ ಮತ್ತು ಕಾಫಿಯ ದಿನದ ಧಾರಣೆ ಕಾಣಬೇಕಾದ ಜಾಗದಲ್ಲಿ, ಗಂಭೀರ ದೋಷ ಉಂಟಾಗಿದೆ ಎಂಬ ಒಂದು ಸಾಲು ಮಾತ್ರ ಕಾಣುತ್ತಿತ್ತು. ಆ ನಾಲ್ಕು ದಿನಗಳಲ್ಲಿ ಮನೆಬಾಗಿಲಿಗೆ ಬಂದ ವ್ಯಾಪಾರಿ ಹೇಳಿದ ಬೆಲೆಗೇ ಅಡಿಕೆ ತೂಗಿಕೊಟ್ಟವರು ನಮ್ಮಲ್ಲಿದ್ದಾರೆ. ಆದುದರಿಂದ ಈ ಸೈಟನ್ನು ಬಿಟ್ಟು ಹೊಸದನ್ನೇ ಮಾಡಿಸೋಣ ಎಂಬ ಸಲಹೆ ಬಂದಿರುವುದು ಸಹಜವೇ. ನಾನು ಮಾತ್ರ ಅದನ್ನು ಒಪ್ಪಲಾರೆ. ಒಂದು ಗೊನೆಗೆ ಕೊಳೆ ತಗುಲಿತೆಂದು ಮರ ಕಡಿಯುವವರುಂಟೆ?

ನಮ್ಮ ಸೈಟ್ ನಡೆಯುತ್ತಿರುವುದು ವರ್ಡ್‌ಪ್ರೆಸ್ ಎಂಬ ತಂತ್ರಾಂಶದ ಮೇಲೆ. 2003ರಲ್ಲಿ ಹೊರಬಂದ ಇದನ್ನು ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು. ಇದಕ್ಕೆ ಬೇಕಾದ ಹೆಚ್ಚಿನ ಕೆಲಸಗಳನ್ನು, ಅಂದರೆ ಧಾರಣೆಯ ಪಟ್ಟಿ, ಅರ್ಜಿ ನಮೂನೆ, ಚಿತ್ರಮಾಲೆ ಮುಂತಾದುವನ್ನು, ಪ್ಲಗ್‌ಇನ್ ಎಂಬ ಬಿಡಿಭಾಗಗಳಿಂದ ಜೋಡಿಸಿಕೊಳ್ಳುತ್ತಾರೆ. ಒಂದೊಂದನ್ನು ಒಬ್ಬೊಬ್ಬರು ಬರೆದಿರುತ್ತಾರೆ. ಒಬ್ಬರ ಮುಖ ಇನ್ನೊಬ್ಬರು ಕಂಡಿರುವುದಿಲ್ಲ. ತೊಂದರೆಯ ಮೂಲ ಇಲ್ಲಿದೆ. ಬೋರ್ಡೋ ದ್ರಾವಣ ಒಳ್ಳೆಯದು, ಕೀಟನಾಶಕವೂ ಒಳ್ಳೆಯದು. ಆದರೆ ಸುಣ್ಣದ ಕ್ಷಾರವಿರುವ ಬೋರ್ಡೋದೊಂದಿಗೆ ಒಂದೇ ಡ್ರಮ್ಮಿನಲ್ಲಿ ಕಲಸಿದರೆ ಎಷ್ಟೋ ಕೀಟನಾಶಕಗಳು ಕೆಟ್ಟುಹೋಗುತ್ತವೆ. ಪ್ಲಗ್‌ಇನ್‌ಗಳ ಘರ್ಷಣೆಯೂ ಇಂಥದೇ.

ಇದು ನಮಗೊಬ್ಬರಿಗೇ ಬಂದ ಕಷ್ಟವಲ್ಲ. 2020ರ ಆಗಸ್ಟ್‌ನಲ್ಲಿ ವರ್ಡ್‌ಪ್ರೆಸ್‌ನ 5.5ನೆಯ ಆವೃತ್ತಿ ಬಂದಾಗ, ಹಳೆಯ ಬರವಣಿಗೆಗೆ ಊರುಗೋಲಾಗಿದ್ದ ಜೆಕ್ವೆರಿ ಮೈಗ್ರೇಟ್ ಎಂಬ ಚಿಕ್ಕ ಭಾಗವನ್ನು ತೆಗೆದರು. ಅದನ್ನೇ ನೆಚ್ಚಿಕೊಂಡಿದ್ದ ಹಳೆಯ ಪ್ಲಗ್‌ಇನ್‌ಗಳ ಗುಂಡಿಗಳು ಒತ್ತಿದರೂ ಅಲುಗದಾದವು. ಕೊನೆಗೆ ಆ ಊರುಗೋಲನ್ನು ಮರಳಿ ಕೊಡಲೆಂದೇ ಇನ್ನೊಂದು ಪ್ಲಗ್‌ಇನ್ ಒದಗಿಸಬೇಕಾಯಿತು!

ನಮ್ಮಲ್ಲಿ ಆದದ್ದೇನು? ಸೈಟ್ ಇರುವ ಬಾಡಿಗೆ ಯಂತ್ರಕ್ಕೆ ಸರ್ವರ್ ಎನ್ನುತ್ತಾರೆ. ಅದರಲ್ಲಿ ವರ್ಡ್‌ಪ್ರೆಸ್ಸನ್ನು ಓಡಿಸುವುದು ಪಿಎಚ್‌ಪಿ ಎಂಬ ಭಾಷೆ. ಸರ್ವರ್‌ನವರು ಅದನ್ನು 7.4ರಿಂದ 8ಕ್ಕೆ ಏರಿಸಿದರು. 7.4ಕ್ಕೆ ಭದ್ರತಾ ದುರಸ್ತಿ 2022ರ ನವೆಂಬರಿನಲ್ಲೇ ನಿಂತಿರುವುದರಿಂದ ಅವರು ಮಾಡಿದ್ದು ಸರಿಯೇ. ಆದರೆ ಧಾರಣೆಯ ಪಟ್ಟಿ ತೋರಿಸುವ ನಮ್ಮ ಹಳೆಯ ಪ್ಲಗ್‌ಇನ್, 8ರಲ್ಲಿ ಕಿತ್ತುಹಾಕಿದ ಒಂದು ಆಜ್ಞೆಯನ್ನು ಬಳಸುತ್ತಿತ್ತು. ಇಡೀ ಸೈಟ್ ಕುಳಿತಿತು. ಸರ್ವರ್‌ನವರು ಪ್ಲಗ್‌ಇನ್ ಕಡೆಗೆ ಬೆರಳು ತೋರಿಸಿದರು, ಪ್ಲಗ್‌ಇನ್ ಹಾಕಿಕೊಟ್ಟವರು ಸರ್ವರ್ ಕಡೆಗೆ. ಎರಡು ದಿನ ಇದರಲ್ಲೇ ಹೋಯಿತು.

ಹೆಚ್ಚು ಬೇಸರದ ಸಂಗತಿ ಇನ್ನೊಂದಿದೆ. 2019ರಲ್ಲಿ ಬಂದ 5.2ನೆಯ ಆವೃತ್ತಿಯಿಂದೀಚೆಗೆ, ಇಂಥ ದೋಷವಾದಾಗ ಯಾವ ಪ್ಲಗ್‌ಇನ್ ಕಾರಣ ಎಂದು ತಿಳಿಸಿ, ಒಳಹೋಗಲು ವಿಶೇಷ ಕೊಂಡಿಯನ್ನೂ ಸೇರಿಸಿ, ವರ್ಡ್‌ಪ್ರೆಸ್ ತಾನೇ ಆಡಳಿತಗಾರನ ವಿಳಾಸಕ್ಕೆ ಮಿಂಚಂಚೆ ಕಳುಹಿಸುತ್ತದೆ. ನಮ್ಮ ಸೈಟಿನಲ್ಲಿ ಆ ವಿಳಾಸ ಸಂಘದ್ದಾಗಿರಲಿಲ್ಲ. ಅದನ್ನು ಕಟ್ಟಿಕೊಟ್ಟ ಗುತ್ತಿಗೆದಾರರದಾಗಿತ್ತು. ಅವರ ಕರಾರು ಎಂದೋ ಮುಗಿದಿತ್ತು. ಅಂದರೆ ರೋಗದ ಹೆಸರು ಬರೆದ ಚೀಟಿ ಮೊದಲ ದಿನವೇ ಬಂದಿತ್ತು, ನಮ್ಮ ಮನೆಗಲ್ಲ. ಮಣೆಗಾರ ಬೇರೆ ಊರಿಗೆ ಹೋದ ಮೇಲೂ ಉಗ್ರಾಣದ ಬೀಗದಕೈ ಅವನ ಸೊಂಟದಲ್ಲೇ ಇರಲಿ ಎಂದು ನಾವು ಯಾರಾದರೂ ಬಿಡುತ್ತೇವೆಯೆ? ಹೊಸ ಸೈಟನ್ನು ಅದೇ ಬಗೆಯ ಕರಾರಿನಲ್ಲಿ ಮಾಡಿಸಿದರೆ ಮುಂದಿನ ಸುಗ್ಗಿಯಲ್ಲೂ ಇದೇ ಕಥೆ.

ಕೊನೆಗೆ ದೋಷ ಸಿಕ್ಕಿದ್ದು ಸರ್ವರ್‌ನ ದೋಷದ ದಾಖಲೆಯಲ್ಲಿ. 500 ಎಂಬ ಸಂಖ್ಯೆ ಒಳಗೇನೋ ಮುರಿದಿದೆ ಎಂದಷ್ಟೇ ಹೇಳುತ್ತದೆ. ದಾಖಲೆಯಲ್ಲಾದರೋ ಯಾವ ಕಡತ, ಎಷ್ಟನೆಯ ಸಾಲು ಎಂದು ಬರೆದಿರುತ್ತದೆ. ಕಡತದ ದಾರಿಯಲ್ಲಿ ‘ಪ್ಲಗ್‌ಇನ್ಸ್’ ಎಂಬುದರ ಮುಂದಿರುವ ಹೆಸರೇ ಹೆಚ್ಚಾಗಿ ಅಪರಾಧಿಯದು. ನಮ್ಮ ಗುಮಾಸ್ತರು ಅದನ್ನು ಕಾಲು ಗಂಟೆಯಲ್ಲಿ ಓದಿ ಹೇಳಿದರು. ಪಿಎಚ್‌ಪಿಯನ್ನು ತಾತ್ಕಾಲಿಕವಾಗಿ ಹಿಂದಕ್ಕೆ ಇಳಿಸಿ ಸೈಟ್ ಎಬ್ಬಿಸಿದೆವು, ಪ್ಲಗ್‌ಇನ್ ಬದಲಾಯಿಸಿದ ಮೇಲೆ ಮತ್ತೆ ಏರಿಸಿದೆವು.

ದಾಖಲೆಯೂ ಬಾಯಿಬಿಡದಿದ್ದರೆ ದಾರಿ ಇಲ್ಲದಿಲ್ಲ. ಸ್ಪ್ರಿಂಕ್ಲರ್ ಪೈಪಿನ ಸೋರಿಕೆ ಹುಡುಕುವಾಗ ಅರ್ಧ ತೋಟದ ವಾಲ್ವ್ ಮುಚ್ಚಿ ನೋಡುತ್ತೇವಷ್ಟೆ? ನಮ್ಮಲ್ಲಿರುವ 22 ಪ್ಲಗ್‌ಇನ್‌ಗಳಲ್ಲಿ ಅರ್ಧವನ್ನು ನಿಲ್ಲಿಸಿ ನೋಡುತ್ತ ಹೋದರೆ ಹೆಚ್ಚೆಂದರೆ ಐದು ಸುತ್ತಿಗೆ ಕೆಟ್ಟದ್ದು ಸಿಗುತ್ತದೆ. ಆದರೆ ಜಗಳ ಇಬ್ಬರ ನಡುವಿನದಾದರೆ, ಎರಡು ಅರ್ಧಗಳೂ ಬೇರೆ ಬೇರೆಯಾಗಿ ಸಾಧುಗಳಂತೆ ಕುಳಿತಿರುತ್ತವೆ. ಆಗ ಎಲ್ಲವನ್ನೂ ನಿಲ್ಲಿಸಿ ಒಂದೊಂದಾಗಿ ಎಬ್ಬಿಸಬೇಕು. ಒಳಹೋಗಲೇ ಆಗದಿದ್ದರೆ ಸರ್ವರ್‌ನಲ್ಲಿ ಪ್ಲಗ್‌ಇನ್‌ಗಳ ಫೋಲ್ಡರಿನ ಹೆಸರನ್ನು ಬದಲಿಸಿದರೆ ಸಾಕು, ಎಲ್ಲವೂ ಒಮ್ಮೆಗೇ ನಿಲ್ಲುತ್ತವೆ. ಪ್ಲಗ್‌ಇನ್ ಪಟ್ಟಿಯನ್ನು ಒಮ್ಮೆ ತೆರೆದು ನೋಡಿದ ಮೇಲೆಯೇ ಹಳೆಯ ಹೆಸರು ಕೊಡಬೇಕು. ಇಲ್ಲವಾದರೆ ಎಲ್ಲವೂ ಮತ್ತೆ ಒಟ್ಟಿಗೆ ಎದ್ದುಬಿಡಬಹುದು.

ಅಳಿಸಿ ಮತ್ತೆ ಹಾಕಿ ಎಂದು ಫೋನಿನಲ್ಲಿ ಸಲಹೆ ಕೊಡುವವರು ಬಹಳ. ಬ್ಯಾಕಪ್ ಇಲ್ಲದೆ ಆ ಮಾತನ್ನು ಕೇಳಕೂಡದು. ನಿಲ್ಲಿಸಿದ ಪ್ಲಗ್‌ಇನ್ನಿನ ಲೆಕ್ಕಪತ್ರ ಹಾಗೆಯೇ ಉಳಿಯುತ್ತದೆ. ಅಳಿಸಿದಾಗ ಕೆಲವು ತಮ್ಮ ಲೆಕ್ಕಪತ್ರವನ್ನೂ ಒಯ್ಯುತ್ತವೆ. ನಮ್ಮ ವರ್ಷಗಟ್ಟಲೆಯ ಧಾರಣೆಯ ದಾಖಲೆ ಇರುವುದು ಅಲ್ಲಿಯೇ.

ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ನಾನು ಇಡಲಿರುವ ಕೋರಿಕೆ ದೊಡ್ಡದಲ್ಲ. ಡೊಮೈನ್, ಸರ್ವರ್, ಆಡಳಿತಗಾರನ ವಿಳಾಸ, ಮೂರೂ ಸಂಘದ ಹೆಸರಿಗೆ ಬರಬೇಕು. ವಾರಕ್ಕೊಮ್ಮೆ ಬ್ಯಾಕಪ್ ತೆಗೆದು ಅದರ ಒಂದು ಪ್ರತಿಯನ್ನು ಕಚೇರಿಯಲ್ಲಿಡಬೇಕು. ಯಾವುದೇ ಹೊಸ ಆವೃತ್ತಿಯನ್ನು ಮೊದಲು ಸೈಟಿನ ಪ್ರತಿರೂಪದ ಮೇಲೆ ಹಾಕಿ ನೋಡಬೇಕು. ಅದೂ ಕೊಯ್ಲು ಮುಗಿದ ಮೇಲೆ. ಯಾರಿಗೂ ಬೇಡದ ಪ್ಲಗ್‌ಇನ್‌ಗಳು ಹೋಗಲಿ: ಹಬ್ಬದ ದಿನ ಪರದೆಯ ಮೇಲೆ ಹೂ ಉದುರಿಸುವುದೊಂದಿದೆ, ಅದನ್ನು ಹಾಕಿಸಿದವರು ಬೇಸರಿಸಬಾರದು. ಹೊಸ ಸೈಟಿಗೆಂದು ಸೂಚಿಸಿರುವ ಹಣವನ್ನು ಸದ್ಯಕ್ಕೆ ಮುಟ್ಟದಿರೋಣ. ಸೈಟ್ ಮತ್ತೆ ನಿಂತರೆ ಅದು ಸರಿಯಾಗುವವರೆಗೆ ದಿನದ ಧಾರಣೆಯನ್ನು ಬೆಳಿಗ್ಗೆಯೇ ಕಚೇರಿಯ ಫಲಕದಲ್ಲಿ ಬರೆಸಲಾಗುವುದು. ಫೋನಿನಲ್ಲಿ ಕೇಳಿದವರಿಗೂ ತಿಳಿಸಲಾಗುವುದು.