ಚಳಿಗೆ ಲಾರಿ ಸ್ಟಾರ್ಟ್ ಆಗ್ತಿಲ್ಲ ಅಂದ್ರೆ ತಪ್ಪು ಚಳೀದಲ್ಲ

(1/3)

ಹೋದ ಸಲ ಲಾರಿ ಇನ್ಶೂರೆನ್ಸ್ ಬಗ್ಗೆ ಬರೆದಿದ್ದೆ. ಈ ಸಲ ಸ್ವಲ್ಪ ಜಗಳಕ್ಕೇ ಬಂದಿದೀನಿ. ನನ್ನ ಪ್ರಕಾರ ನಮ್ಮ ಕರ್ನಾಟಕದಲ್ಲಿ "ಚಳಿಗೆ ಗಾಡಿ ಸ್ಟಾರ್ಟ್ ಆಗಲ್ಲ" ಅನ್ನೋದು ಕಾರಣ ಅಲ್ಲ, ನೆಪ. ಗಾಡೀಲಿ ಮೊದಲೇ ಇದ್ದ ತೊಂದರೇನ ಚಳಿ ಎತ್ತಿ ತೋರಿಸುತ್ತೆ, ಅಷ್ಟೇ. ಅದನ್ನ ಹುಡುಕದೆ ಒಂದೊಂದೇ ಪಾರ್ಟು ಬದಲಾಯಿಸ್ತಾ ಹೋದ್ರೆ ಒಂದೇ ಗಾಡಿ ಇಟ್ಕೊಂಡಿರೋ ಮನೆಯ ತಿಂಗಳ ದುಡಿಮೆ ಅಲ್ಲೇ ಮುಗೀತು.

ನಿಜವಾದ ಚಳಿ ಅಂದ್ರೆ ಲಡಾಖ್. ಅಲ್ಲಿ ಟ್ಯಾಂಕಲ್ಲಿರೋ ಡೀಸೆಲ್ಲೇ ಮೇಣದ ಥರ ಗಟ್ಟಿಯಾಗುತ್ತೆ. ಅದಕ್ಕೇ ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33 ಡಿಗ್ರಿವರೆಗೂ ಹರಿಯೋ ಚಳಿಗಾಲದ ಡೀಸೆಲ್ ಬಿಟ್ಟಿದ್ದು. ನಮ್ಮ ಹಾಸನ, ಚಿಕ್ಕಮಗಳೂರು, ಬೀದರ್ ಕಡೆ ಹತ್ತು ಡಿಗ್ರಿಗೆ ಇಳಿದ್ರೇ ಪೇಪರಲ್ಲಿ ಸುದ್ದಿ. ಹತ್ತು ಡಿಗ್ರೀಲಿ ಡೀಸೆಲ್ ಗಟ್ಟಿಯಾಗಲ್ಲ ಗುರು. ಸರಿ ಇರೋ ಎಂಜಿನ್ ಆ ಚಳಿಗೆ ಒಂದೆರಡು ಸೆಕೆಂಡ್ ಜಾಸ್ತಿ ತಗೊಳ್ಳಬಹುದು, ಹತ್ತು ನಿಮಿಷ ಅಲ್ಲ.

ಹಾಗಾದ್ರೆ ಚಳಿ ಏನೂ ಮಾಡಲ್ವಾ? ಮಾಡುತ್ತೆ. ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ. ಪಿಸ್ಟನ್ ಗಾಳೀನ ಒತ್ತಿ ಒತ್ತಿ ಬಿಸಿ ಮಾಡುತ್ತೆ, ಆ ಬಿಸಿಗೇ ಡೀಸೆಲ್ ಹತ್ಕೊಳ್ಳುತ್ತೆ. ಚಳೀಲಿ ಎಂಜಿನ್ ಆಯಿಲ್ ಗಟ್ಟಿ, ಬ್ಯಾಟರಿ ಡಲ್, ಸಿಲಿಂಡರ್ ತಣ್ಣಗೆ. ಸೆಲ್ಫ್ ನಿಧಾನ ತಿರುಗಿದ್ರೆ ಒತ್ತಿದ ಗಾಳಿಯ ಬಿಸಿಯೆಲ್ಲಾ ಸಿಲಿಂಡರ್ ಗೋಡೆ ಕುಡಿದುಬಿಡುತ್ತೆ. ಎಲ್ಲಾ ಸರಿ ಇದ್ರೆ ಇಷ್ಟನ್ನೂ ದಾಟಿ ಗಾಡಿ ಎದ್ದೇಳುತ್ತೆ. ಎಲ್ಲೋ ಒಂದು ಕಡೆ ಮೊದಲೇ ವೀಕ್ ಇದ್ರೆ ಸಿಕ್ಕಿಹಾಕ್ಕೊಳ್ಳೋದು ಆವಾಗ.

(2/3)

ನಮ್ಮನೆ ಲಾರಿ ಕಥೆ ಹೇಳ್ತೀನಿ. ಶುಂಠಿ ಸೀಸನ್. ಬೆಳಗಿನ ಜಾವ ಲೋಡು ಹೊರಡಬೇಕು, ಗಾಡಿ ಏಳಲ್ಲ. ಮೆಕ್ಯಾನಿಕ್ ಬಂದು ನೋಡಿದ್ದು ಎರಡು ನಿಮಿಷ. "ಚಳಿ ಅಣ್ಣ, ಬ್ಯಾಟರಿ ಹೋಗಿದೆ." ಅಪ್ಪ ಎರಡೂ ಬ್ಯಾಟರಿ ಹೊಸದು ಹಾಕಿಸಿದ್ರು, 25,000ದ ಹತ್ತಿರ. ಮಾರನೇ ದಿನ ಮತ್ತೆ ಅದೇ. "ಹಂಗಾದ್ರೆ ನಾಝಲ್ ಇರ್ಬೇಕು" ಅಂತ ನಾಲ್ಕೈದು ಸಾವಿರ. ಮತ್ತೆ ಅದೇ. ಮೂರನೇ ಸಲ ಬಾಯಲ್ಲಿ ಬಂದಿದ್ದು ಪಂಪ್ ಇಳಿಸೋ ಮಾತು. ಇಷ್ಟರಲ್ಲಿ ಎರಡು ಲೋಡು ಬೇರೆಯವರ ಪಾಲು. ಇಎಂಐ ದಿನಕ್ಕೆ ಮಾತ್ರ ರಜಾ ಇಲ್ಲ.

ಕಾಸ್ಟ್ ಅಕೌಂಟಿಂಗ್ ಕ್ಲಾಸಲ್ಲಿ ನಿದ್ದೆ ಮಾಡಿದವರಿಗೂ ನೆನಪಿರುತ್ತೆ: ಐಡಲ್ ಟೈಮಲ್ಲಿ ನಾರ್ಮಲ್, ಅಬ್ನಾರ್ಮಲ್ ಅಂತ ಎರಡು. ಅಬ್ನಾರ್ಮಲ್ ಆದ್ರೆ ಅದನ್ನ ಜಾಬ್ ಮೇಲೆ ಹಾಕೋ ಹಾಗಿಲ್ಲ, ನೇರ ನಷ್ಟ. ಪುಸ್ತಕದಲ್ಲಿ ಅದು ಒಂದು ಎಂಟ್ರಿ. ಮನೇಲಿ ಅದು ಅಮ್ಮನ ಚೀಟಿ ದುಡ್ಡು.

ಕೊನೆಗೆ ಸರಿ ಮಾಡಿದ್ದು ನಮ್ಮ ದೊಡ್ಡಪ್ಪನ ಕಾಲದ ಒಬ್ಬ ಹಳೇ ಡ್ರೈವರ್. ಅವರು ಗಾಡಿ ಮುಟ್ಟೋ ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಮಧ್ಯಾಹ್ನ ಬಿಸಿಲಲ್ಲಿ ಏಳೆಂಟು ಗಂಟೆ ನಿಂತ್ರೂ ಹಿಂಗೇ ಆಡುತ್ತಾ?" ಆಡ್ತಿತ್ತು! ಅಂದ್ರೆ ಗಾಡೀನ ಕೆಡಿಸ್ತಾ ಇದ್ದಿದ್ದು ಚಳಿ ಅಲ್ಲ, ನಿಲ್ಲೋ ಹೊತ್ತು. ನಿಂತಾಗ ಎಲ್ಲೋ ಗಾಳಿ ಎಳ್ಕೊಂಡು ಪೈಪಿನ ಡೀಸೆಲ್ ವಾಪಸ್ ಟ್ಯಾಂಕಿಗೆ ಇಳೀತಿತ್ತು. ಹ್ಯಾಂಡ್ ಪಂಪ್ ಒಂದಿಪ್ಪತ್ತು ಸಲ ಹೊಡೆದ್ರು, ಒಂದೇ ಸೆಲ್ಫ್‌ಗೆ ಗಾಡಿ ಎದ್ದಿತು. ಆಮೇಲೆ ಹುಡುಕಿದ್ರೆ ಡೀಸೆಲ್ ಫಿಲ್ಟರ್ ಹತ್ತಿರದ ಬೋಲ್ಟಿನ ತಾಮ್ರದ ವಾಷರ್ ಸವೆದಿತ್ತು. ಮೂರನೇ ಫೋಟೋದಲ್ಲಿ ನನ್ನ ಅಂಗೈ ಮೇಲಿರೋದು ಅದೇ. ಇಪ್ಪತ್ತು ರೂಪಾಯಿ ಕೂಡ ಆಗಲಿಲ್ಲ.

(3/3)

ಮೆಕ್ಯಾನಿಕ್‌ಗಳನ್ನ ಬೈಯೋದು ನನ್ನ ಉದ್ದೇಶ ಅಲ್ಲ. ಪಾರ್ಟ್ ಬದಲಾಯಿಸಿದ್ರೆ ದುಡ್ಡು ಸಿಗುತ್ತೆ, ಯೋಚನೆ ಮಾಡಿದ್ದಕ್ಕೆ ಯಾರೂ ಕೊಡಲ್ಲ. ಅರ್ಧ ಗಂಟೆ ಚೆಕ್ ಮಾಡಿ "ವಾಷರ್ ಅಷ್ಟೇ" ಅಂದವರಿಗೆ ನಾವು ಐವತ್ತು ರೂಪಾಯಿ ಕೊಟ್ಟು ಟೀ ಕುಡಿಸಿ ಕಳಿಸ್ತೀವಿ. ಹುಡುಕೋ ಕೆಲಸಕ್ಕೇ ಬೇರೆ ಕೂಲಿ ಕೊಡೋಣ, 500 ಆದ್ರೂ ಸರಿ. 25,000ದ ಮುಂದೆ ಅದೇನು?

ನಾವೂ ಸುಮ್ನೆ ನಿಂತು ನೋಡೋದು ಬಿಡಬೇಕು. ಸೆಲ್ಫ್ ಹೊಡೆಯುವಾಗ ಒಬ್ಬರು ಸೈಲೆನ್ಸರ್ ಹತ್ತಿರ ನಿಲ್ಲಿ. ಹೊಗೆಯೇ ಇಲ್ಲ ಅಂದ್ರೆ ಡೀಸೆಲ್ ಸಿಲಿಂಡರಿಗೆ ಹೋಗ್ತಿಲ್ಲ: ಫಿಲ್ಟರ್, ಗಾಳಿ, ಪೈಪ್, ಪಂಪ್ ಕಡೆ ನೋಡಿ. ಬಿಳಿ ಹೊಗೆ ಬುಸುಬುಸು ಬರ್ತಿದ್ರೆ ಡೀಸೆಲ್ ಹೋಗ್ತಿದೆ, ಹತ್ಕೊಳ್ತಿಲ್ಲ. ಹೀಟರ್ ಪ್ಲಗ್ ಇರೋ ಪಿಕಪ್ ಥರದ ಗಾಡಿ ಆದ್ರೆ ಮೊದಲು ಅದನ್ನ ಚೆಕ್ ಮಾಡಿಸಿ, ಆಮೇಲೆ ಕಂಪ್ರೆಶನ್. ಸೆಲ್ಫೇ ನಿಧಾನ ಅಂದ್ರೆ ಕರೆಂಟಿನ ವಿಷಯ. ಒಂದು ಮಲ್ಟಿಮೀಟರ್ ಕೆಲವೇ ನೂರು ರೂಪಾಯಿ. ಚಾರ್ಜ್ ಇರೋ 12 ವೋಲ್ಟ್ ಬ್ಯಾಟರಿ ಸುಮ್ನಿದ್ದಾಗ 12.6ರ ಹತ್ತಿರ ತೋರಿಸಬೇಕು, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ರೆ ಅನುಮಾನ ಪಡಿ. ಬೀಳದೇನೂ ನಿಧಾನ ತಿರುಗಿದ್ರೆ ಬ್ಯಾಟರಿ ಪಾಪ ಏನೂ ಮಾಡಿಲ್ಲ. ಟರ್ಮಿನಲ್ ಮುಟ್ಟಿ ನೋಡಿ, ಬಿಸಿ ಆಗಿದ್ರೆ ಕನೆಕ್ಷನ್ನೇ ಕಳ್ಳ. ಅರ್ತ್ ಕೇಬಲ್ ಅಂತೂ ಯಾರೂ ನೋಡೋದೇ ಇಲ್ಲ.

ಹೊಸ ಬಿಎಸ್-6 ಗಾಡಿಗಳಲ್ಲಿ ಕಣ್ಣಂದಾಜು ಸಾಕಾಗಲ್ಲ. ಕಾಮನ್ ರೈಲಲ್ಲಿ ಸಾಕಷ್ಟು ಪ್ರೆಶರ್ ಬರೋವರೆಗೂ ಕಂಪ್ಯೂಟರ್ ಡೀಸೆಲ್ಲೇ ಬಿಡಲ್ಲ. ಸೆಲ್ಫ್ ಹೊಡೆಯುವಾಗ ರೈಲ್ ಪ್ರೆಶರ್ ಎಷ್ಟು ಅಂತ ಸ್ಕ್ಯಾನರ್ ಹಾಕಿಸಿ ಕೇಳಿ. ಆ ನಂಬರ್ ಹೇಳದೆ "ಇಂಜೆಕ್ಟರ್ ಹೋಗಿದೆ" ಅಂದ್ರೆ ಪರ್ಸ್ ತೆಗೀಬೇಡಿ.

ಇನ್ನೊಂದು. ಏರ್ ಫಿಲ್ಟರ್ ಬಾಯಿಗೆ ಪೆಟ್ರೋಲ್ ಬಟ್ಟೆ ಹಿಡಿಯೋದು, ಸ್ಪ್ರೇ ಹೊಡೆಯೋದು ರೀಲ್ಸಲ್ಲಿ ಸೂಪರ್ ಕಾಣುತ್ತೆ. ಅದು ಹೊತ್ತಲ್ಲದ ಹೊತ್ತಲ್ಲಿ ಹತ್ಕೊಂಡು ಪಿಸ್ಟನ್ ಒಡೆಯಬಹುದು, ಹೀಟರ್ ಪ್ಲಗ್ ಇರೋ ಗಾಡೀಲಂತೂ ಮುಖಕ್ಕೇ ಬರಬಹುದು. ಇಳಿಜಾರಲ್ಲಿ ನಿಲ್ಲಿಸಿ ಬೆಳಗ್ಗೆ ಉರುಳಿಸಿ ಗೇರ್ ಹಾಕೋ ನಮ್ಮೂರ ವಿದ್ಯೆ ಅದಕ್ಕಿಂತ ವಾಸಿ ಅಂತಾರೆ. ಆದ್ರೆ ಎಂಜಿನ್ ಏಳೋವರೆಗೂ ಏರ್ ಬ್ರೇಕಿಗೆ ಗಾಳಿ ತುಂಬೋರು ಯಾರು?

ನಿಮ್ಮನೇಲೂ ಲಾರಿ, ಪಿಕಪ್, ಟ್ರ್ಯಾಕ್ಟರ್ ಹಠ ಮಾಡ್ತಿದ್ರೆ ಸೆಲ್ಫ್ ಹೊಡೆಯುವಾಗಿನ ಹೊಗೆ ವಿಡಿಯೋ ತೆಗೆದು ಮೆಸೇಜ್ ಮಾಡಿ, ಆ ಹಳೇ ಡ್ರೈವರ್ ಅಂಕಲ್‌ಗೆ ತೋರಿಸ್ತೀನಿ. ಎಷ್ಟು ಗಂಟೆ ನಿಂತಿತ್ತು, ಬಿಸಿಲಲ್ಲೋ ನೆರಳಲ್ಲೋ ಅಂತ ಬರೆಯೋದು ಮರೀಬೇಡಿ. ಮುಂದಿನ ಪೋಸ್ಟು ಟೈರ್ ರೀಟ್ರೆಡಿಂಗ್ ಲೆಕ್ಕ.