ಮಡಚಿ ಬರುವ ಮನೆ

ಚೀನಾದಿಂದ ಮಡಚಿ ತರಿಸುವ ಅಗ್ಗದ ಮನೆಗಳ ಜಾಹೀರಾತು ನೋಡಿ, ಬಡವರ ವಸತಿ ಸಮಸ್ಯೆ ಮುಗಿಯಿತೆಂದು ಕೆಲವರು ಸಂಭ್ರಮಿಸುತ್ತಿದ್ದಾರೆ. ಇಂಥ ಸಂಭ್ರಮ ನಮಗೆ ಹೊಸದೇ? ದೇಶವಿಭಜನೆಯ ನಿರಾಶ್ರಿತರಿಗೆಂದು ನೆಹರೂ ಸರಕಾರ ಬ್ರಿಟಿಷ್ ಕಂಪೆನಿಯೊಂದರ ತಂತ್ರಜ್ಞಾನ ಕೊಂಡು ದಿಲ್ಲಿಯಲ್ಲಿ ಮನೆ ತಯಾರಿಸುವ ಕಾರ್ಖಾನೆಯನ್ನೇ ತೆರೆದಿತ್ತು. ಹೊಣೆ ಹೊತ್ತವರು, 1939ರಿಂದ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿದ್ದ ಆಟೊ ಕೋನಿಗ್ಸ್‌ಬರ್ಗರ್. ಕಾಂಕ್ರೀಟ್ ಹಲಗೆಗಳು ಬಿರುಕುಬಿಟ್ಟವು, ಯೋಜನೆ ನೆಲಕಚ್ಚಿತು. 1951ರಲ್ಲಿ ಅವರು ಲಂಡನ್ನಿಗೆ ಹೊರಟುಹೋದರು.

ಈಗ ತಂತ್ರಜ್ಞಾನ ಸುಧಾರಿಸಿದೆ ಎನ್ನುತ್ತೀರಾ? ಇರಲಿ. ಆದರೆ ಹಡಗಿನ ಬಾಡಿಗೆ, ಆಮದು ಸುಂಕ, ಕ್ರೇನು, ಪಾಯ, ಚರಂಡಿ ಇವೆಲ್ಲ ಆ ಬೆಲೆಯಲ್ಲಿ ಸೇರಿವೆಯೇ? ನಿವೇಶನವಂತೂ ಯಾವ ಕಂಟೇನರಿನಲ್ಲೂ ಬರುವುದಿಲ್ಲ. ಹಕ್ಕುಪತ್ರಕ್ಕಾಗಿ ವರ್ಷಗಟ್ಟಲೆ ಕಚೇರಿಗಳಿಗೆ ಅಲೆಯುತ್ತಿರುವ ಕೊಳೆಗೇರಿಯ ಜನ ಈ ಮಡಚಿದ ಮನೆಯನ್ನು ಯಾರ ನೆಲದಲ್ಲಿ ಬಿಡಿಸಬೇಕು ಸ್ವಾಮಿ?